ನೀರು ನಿಂತ ದಿನದಿಂದ ಎಣಿಕೆ: ಪುಣೆಯ ಒಂದು ಸೊಸೈಟಿಯ ಸೊಳ್ಳೆ ಲೆಕ್ಕ

ಪುಣೆಯ ಪಶ್ಚಿಮಕ್ಕೆ, ವಾರಜೆಯ ಆಸುಪಾಸಿನಲ್ಲಿ ನಾಲ್ಕು ವಿಂಗ್, ಹತ್ತು ಮಹಡಿಯ ಒಂದು ಹೌಸಿಂಗ್ ಸೊಸೈಟಿ. ಕಾಂಪೌಂಡಿನ ಆಚೆ ಮೇಲೇಳುತ್ತಿರುವ ಇನ್ನೊಂದು ಟವರ್, ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಶೆಡ್ಡಿನಲ್ಲಿರುವವರು ಇಂಡಿ, ಸಿಂದಗಿ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದವರು. ಸೊಸೈಟಿಯ ಒಳಗೂ ಧಾರವಾಡ, ಬೆಳಗಾವಿ ಮೂಲದ ಮನೆಗಳಿವೆ. ವಾಚ್‌ಮನ್ ವಿಜಯಪುರ ಜಿಲ್ಲೆಯವನು. ಇದು ಹೆಸರಿಟ್ಟು ತೋರಿಸಬಹುದಾದ ಒಂದೇ ಸೊಸೈಟಿಯಲ್ಲ. ಆ ಭಾಗದಲ್ಲಿ ಎಲ್ಲಿ ಹೋದರೂ ಕಾಣುವ ಲಕ್ಷಣಗಳನ್ನು ಒಟ್ಟಿಗೆ ತಂದು ಕಟ್ಟಿದ ಮಾದರಿ ಇದು. ಮುಂದೆ ಬರುವ ಹತ್ತು ದಿನದ ಮಳೆಯ ಅಂಕಿಗಳೂ ಲೆಕ್ಕ ತೋರಿಸಲೆಂದೇ ಇಟ್ಟವು. ನಗರದ ಹವಾಮಾನ, ಸೊಳ್ಳೆಯ ಜೀವನಚಕ್ರ ಮತ್ತು ಇಲ್ಲಿನ ನೀರಿನ ವ್ಯವಸ್ಥೆ ಮಾತ್ರ ಇದ್ದದ್ದು ಇದ್ದಂತೆ.

ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಗಣಪತಿ ಹಬ್ಬದ ಹೊತ್ತಿಗೆ ಒಂದು ವಿಂಗಿನಲ್ಲಿ ಇಬ್ಬರಿಗೆ ಡೆಂಗಿ ಎಂದು ರಿಪೋರ್ಟ್ ಬರುತ್ತದೆ. ಕಮಿಟಿಯವರು ಫಾಗಿಂಗ್ ಮಾಡಿಸುತ್ತಾರೆ. ಒಂದು ಸಂಜೆ ಹೊಗೆ ತುಂಬುತ್ತದೆ, ಮೂರು ದಿನ ಸೊಳ್ಳೆ ಕಡಿಮೆ ಅನಿಸುತ್ತದೆ, ನಾಲ್ಕನೇ ದಿನ ಮೊದಲಿನಂತೆಯೇ. ಇದು ತಡವಾಗಿ ಮಾಡಿದ ಕೆಲಸ. ಎಷ್ಟು ತಡ ಎನ್ನುವುದನ್ನು ದಿನಗಳಲ್ಲಿ ಹೇಳಬಹುದು. ಈ ಬರಹ ಅದೇ ಲೆಕ್ಕದ ಬಗ್ಗೆ.

ಜ್ವರದಿಂದ ಹಿಂದಕ್ಕೆ

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಚರಂಡಿಯದ್ದಲ್ಲ. ಅದಕ್ಕೆ ಬೇಕಾದದ್ದು ಪಾತ್ರೆ, ಡ್ರಮ್, ಟೈರ್, ಕುಂಡದ ತಟ್ಟೆಗಳಲ್ಲಿ ನಿಂತ ಹೆಚ್ಚುಕಡಿಮೆ ತಿಳಿಯಾದ ನೀರು. ಮೊಟ್ಟೆಗಳು ಒಂದು ಮಿಲಿಮೀಟರಿಗೂ ಚಿಕ್ಕ ಕಪ್ಪು ಕಾಳುಗಳು. ಅವುಗಳನ್ನು ನೀರಿನೊಳಗೆ ಬಿಡದೆ, ನೀರಿನ ಗೆರೆಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ನೀರು ಏರಿ ಮೊಟ್ಟೆ ಮುಳುಗಿದಾಗ ಮರಿ ಹೊರಬರುತ್ತದೆ. ಅಲ್ಲಿಂದ ಪುಣೆಯ ಸೆಪ್ಟೆಂಬರ್ ಹವೆಯಲ್ಲಿ ಸುಮಾರು 10 ದಿನಕ್ಕೆ ಸೊಳ್ಳೆ ಹಾರುತ್ತದೆ. ರಕ್ತ ಹೀರಲು ಶುರುಮಾಡಲು ಇನ್ನು ಎರಡು ಮೂರು ದಿನ. ಜ್ವರವಿರುವವರನ್ನು ಕಚ್ಚಿದರೆ, ವೈರಸ್ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪಲು 8ರಿಂದ 12 ದಿನ. ಆಮೇಲೆ ಕಚ್ಚಿಸಿಕೊಂಡವರಿಗೆ ಜ್ವರ ಬರಲು 4ರಿಂದ 10 ದಿನ.

ಎಲ್ಲ ಕೂಡಿಸಿ: 10, 3, 10, 6. ಒಟ್ಟು 29 ದಿನ. ಇವತ್ತು ಜ್ವರ ಕಾಣಿಸಿತು ಎಂದರೆ, ಅದಕ್ಕೆ ಕಾರಣವಾದ ನೀರು ಎಲ್ಲೋ ಒಂದು ತಟ್ಟೆಯಲ್ಲಿ ಒಂದು ತಿಂಗಳ ಹಿಂದೆಯೇ ನಿಂತಿತ್ತು. ಫಾಗಿಂಗ್ ಹೊಗೆ ಹಾರುವ ಸೊಳ್ಳೆಗಳಲ್ಲಿ ಕೆಲವನ್ನು ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗಳಿಗೆ, ಗೋಡೆಗೆ ಅಂಟಿದ ಮೊಟ್ಟೆಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಇದು ಒಂದು ಸರಪಳಿಯ ಲೆಕ್ಕ. ಇಡೀ ನಗರದ ಮಟ್ಟದಲ್ಲಿ ಇಂಥ ಸರಪಳಿಗಳು ಒಂದರ ಮೇಲೊಂದು ಸೇರುತ್ತ ಹೋಗುವುದರಿಂದ ಅಂತರ ಇನ್ನೂ ದೊಡ್ಡದು. ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಸೋಫಿಯಾ ಯಾಕೋಬ್ ಮತ್ತು ರಾಕ್ಸಿ ಮ್ಯಾಥ್ಯೂ ಕೋಲ್ ಅವರ ತಂಡ 2025ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನ ಪುಣೆಯ ಡೆಂಗಿ ಸಾವುಗಳನ್ನೇ ಹವಾಮಾನದ ಜೊತೆ ಇಟ್ಟು ನೋಡಿದೆ. ಮಳೆ ಮತ್ತು ಡೆಂಗಿಯ ನಡುವೆ 2ರಿಂದ 5 ತಿಂಗಳ ಅಂತರ ಅದರಲ್ಲಿ ಕಂಡಿತು. 27 ಡಿಗ್ರಿಗಿಂತ ಹೆಚ್ಚಿನ ಸರಾಸರಿ ತಾಪಮಾನ, 60ರಿಂದ 78 ಶೇಕಡಾ ಆರ್ದ್ರತೆ, ಹದವಾಗಿ ಹಂಚಿಕೊಂಡು ಬೀಳುವ ಮಳೆ ಡೆಂಗಿಗೆ ಅನುಕೂಲ ಮಾಡಿಕೊಡುತ್ತವೆ. ವಾರದಲ್ಲಿ 150 ಮಿ.ಮೀ. ಮೀರಿದ ಜಡಿಮಳೆಯಾದರೆ ಡೆಂಗಿ ಇಳಿಯುತ್ತದೆ, ಏಕೆಂದರೆ ಪಾತ್ರೆಗಳು ತುಂಬಿ ಹರಿದು ಮರಿಗಳು ಕೊಚ್ಚಿಹೋಗುತ್ತವೆ. ಮಳೆ ಜಾಸ್ತಿಯಾದರೆ ಸೊಳ್ಳೆ ಜಾಸ್ತಿ ಎಂಬ ನಮ್ಮ ಸಾಮಾನ್ಯ ನಂಬಿಕೆ ಈ ಊರಿನ ಮಟ್ಟಿಗೆ ಅರ್ಧ ಮಾತ್ರ ನಿಜ. ಸೊಳ್ಳೆ ಹುಟ್ಟಿಸುವುದು ಬಿಟ್ಟು ಬಿಟ್ಟು ಬರುವ ತುಂತುರು.

ಅಂಕಿ ಎಲ್ಲಿಂದ

ಶಿವಾಜಿನಗರದ ಹವಾಮಾನ ಇಲಾಖೆಯ ಕಟ್ಟಡವನ್ನು ಪುಣೆಯವರು ಇವತ್ತಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. 1928ರಲ್ಲಿ ಇಲಾಖೆಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದ ನೆನಪು ಅದು. ಅಲ್ಲಿನ ದಿನದ ಮಳೆ, ಗರಿಷ್ಠ ಮತ್ತು ಕನಿಷ್ಠ ತಾಪಮಾನ ಯಾರಿಗಾದರೂ ಸಿಗುತ್ತವೆ. ಪಾಷಾಣ, ಲೋಹೆಗಾಂವ್ ಕೇಂದ್ರಗಳ ಅಂಕಿಗಳೂ ಸಿಗುತ್ತವೆ. ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆಯೂ ಬರುತ್ತದೆ.

ತಾಪಮಾನಕ್ಕೆ ಶಿವಾಜಿನಗರದ ಅಂಕಿ ಸಾಕು. ಮಳೆಗೆ ಸಾಲದು. ಪುಣೆಯಲ್ಲಿ ಸಹ್ಯಾದ್ರಿಯ ಕಡೆಯಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ಬೇಗ ಬೇಗ ಕಡಿಮೆಯಾಗುತ್ತದೆ. ಮೇ ತಿಂಗಳ ಗುಡುಗು ಮಳೆಯಂತೂ ಒಂದು ಪೇಠೆಯಲ್ಲಿ ರಸ್ತೆ ತುಂಬಿಸಿ ಪಕ್ಕದ ಪೇಠೆಯಲ್ಲಿ ಧೂಳು ಕೂಡ ಅಡಗಿಸದೆ ಹೋಗುತ್ತದೆ. ಆದ್ದರಿಂದ ಸೊಸೈಟಿಯ ಟೆರೇಸಿನಲ್ಲಿ ತನ್ನದೇ ಮಳೆಮಾಪಕ ಇರಬೇಕು. 15 ಸೆಂ.ಮೀ. ಬಾಯಿಯ ಆಲಿಕೆ, ಕೆಳಗೆ 2 ಲೀಟರ್ ಬಾಟಲಿ, ಒಂದು ಅಳತೆಯ ಲೋಟ ಇದ್ದರೆ ಸಾಕು. ಆ ಬಾಯಿಗೆ 1 ಮಿ.ಮೀ. ಮಳೆ ಎಂದರೆ ಸುಮಾರು 17.7 ಮಿ.ಲೀ. ನೀರು. ಬಾಟಲಿ ಸುಮಾರು 113 ಮಿ.ಮೀ. ವರೆಗೆ ಹಿಡಿಯುತ್ತದೆ. ಹತ್ತಿರದ ಗೋಡೆ ಅಥವಾ ಟ್ಯಾಂಕ್ ಮಾಪಕಕ್ಕಿಂತ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ ಇಡಬೇಕು. ಇಲ್ಲದಿದ್ದರೆ ಓರೆಮಳೆ ಗೋಡೆಗೆ ಬಡಿದು ಅಂಕಿ ಕಡಿಮೆ ಬರುತ್ತದೆ. ಅಳೆದ ಮೇಲೆ ಬಾಟಲಿ ಬರಿದು ಮಾಡುವುದನ್ನು ಮರೆತರೆ ಮಾಪಕವೇ ಸೊಳ್ಳೆಯ ತೊಟ್ಟಿಲು.

ಇನ್ನೊಂದು ತಪ್ಪು ಎಲ್ಲ ಕಡೆ ಆಗುತ್ತದೆ. ಇಲಾಖೆಯ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ. 12ನೇ ತಾರೀಖಿನ ಎದುರು ಬರೆದ ಮಳೆ ಬಹುಪಾಲು 11ರಂದು ಬಿದ್ದದ್ದು. ನಿಮ್ಮ ಮಾಪಕವನ್ನೂ 8:30ಕ್ಕೇ ನೋಡಿ. ಎಂಟು ಹತ್ತು ದಿನದ ಚಕ್ರದಲ್ಲಿ ಒಂದು ದಿನದ ಜಾರಾಟ ಸಣ್ಣದಲ್ಲ. ಈ ಮಳೆ, ತಾಪಮಾನವನ್ನು ದಿನದಿನವೂ ಒಂದು ಹಾಳೆಯಲ್ಲಿ ಬರೆದಿಡಬೇಕು. ಸ್ವಯಂಚಾಲಿತ ಕೇಂದ್ರ ಕೆಟ್ಟು ಅಂಕಿ ಬರದ ದಿನವನ್ನು ಅದರಲ್ಲಿ ಖಾಲಿ ಬಿಡಬೇಕು, ಸೊನ್ನೆ ಹಾಕಬಾರದು.

ಹನ್ನೊಂದು ಕಳೆದು ಕೂಡಿ

ಈಡಿಸ್ ಮರಿ ಸೊಳ್ಳೆಯಾಗುವ ವೇಗ ತಾಪಮಾನಕ್ಕೆ ಕಟ್ಟಿಕೊಂಡಿದೆ. 20 ಡಿಗ್ರಿಯಲ್ಲಿ ಸುಮಾರು 16 ದಿನ, 25ರಲ್ಲಿ 10, 30ರಲ್ಲಿ ಏಳೂವರೆ. ಈ ಮೂರನ್ನೂ ಒಂದೇ ಗೆರೆಯ ಮೇಲೆ ಕೂರಿಸುವ ಕೈಲೆಕ್ಕ ಹೀಗಿದೆ: ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿ, ಅದರಿಂದ 11 ಕಳೆಯಿರಿ. ಉಳಿದದ್ದನ್ನು ದಿನದಿನವೂ ಕೂಡುತ್ತ ಹೋಗಿ. ಮೊತ್ತ 140 ಮುಟ್ಟಿದ ದಿನ ಸೊಳ್ಳೆ ಹಾರುತ್ತದೆ. ಇದು ದುಂಡಗೆ ಮಾಡಿದ ಅಂದಾಜು. 34 ಡಿಗ್ರಿಗಿಂತ ಮೇಲೆ ಹೋದರೆ ಇದು ನಡೆಯುವುದಿಲ್ಲ, ಏಕೆಂದರೆ ಅಲ್ಲಿಂದ ಮುಂದೆ ವೇಗ ಹೆಚ್ಚದೆ ಮರಿಗಳು ಸಾಯತೊಡಗುತ್ತವೆ.

ಪುಣೆಯ ತಿಂಗಳುಗಳಿಗೆ ಹಾಕಿ ನೋಡಿ. ಮೇ ತಿಂಗಳಲ್ಲಿ ಸರಾಸರಿ 30ರ ಹತ್ತಿರ: ದಿನಕ್ಕೆ 19, ಏಳೂವರೆ ದಿನ. ಜೂನ್‌ನಲ್ಲಿ ಸುಮಾರು 27.5: ದಿನಕ್ಕೆ 16.5, ಎಂಟೂವರೆ ದಿನ. ಸೆಪ್ಟೆಂಬರ್‌ನಲ್ಲಿ 25.5: ಹತ್ತಿರ ಹತ್ತಿರ 10 ದಿನ. ಡಿಸೆಂಬರ್‌ನಲ್ಲಿ 20.5: 15 ದಿನ.

ಮಹಾನಗರಪಾಲಿಕೆಯವರು ಹೇಳುವ ಕೋರಡಾ ದಿವಸ, ಅಂದರೆ ವಾರಕ್ಕೊಮ್ಮೆ ಎಲ್ಲ ಪಾತ್ರೆ ಒಣಗಿಸುವ ದಿನ, ಈ ಲೆಕ್ಕದಿಂದಲೇ ಬಂದದ್ದು. ಸೆಪ್ಟೆಂಬರ್‌ನಲ್ಲಿ ಏಳು ದಿನಕ್ಕೊಮ್ಮೆ ಎಂದರೆ ಕೈಯಲ್ಲಿ ಮೂರು ದಿನ ಮಿಗುತ್ತದೆ. ಮೇ ಕೊನೆಯಲ್ಲಿ ಅರ್ಧ ದಿನ ಮಾತ್ರ ಮಿಗುತ್ತದೆ. ಬಿಸಿಲಿಗೆ ಕಾದ ತಟ್ಟೆಯ ನೀರು ಗಾಳಿಗಿಂತ ಬಿಸಿಯಿದ್ದರೆ ಅದೂ ಇಲ್ಲ. ಆದ್ದರಿಂದ ಹಾಳೆಯಲ್ಲಿ 140ಕ್ಕೆ ಕಾಯಬಾರದು, 100 ಬಂದ ದಿನವೇ ಒಣಗಿಸಬೇಕು. ಆಗ ಮೇ ತಿಂಗಳಲ್ಲಿ ಐದೂಕಾಲು ದಿನಕ್ಕೊಮ್ಮೆ, ಜೂನ್‌ನಲ್ಲಿ ಆರು ದಿನಕ್ಕೊಮ್ಮೆ, ಸೆಪ್ಟೆಂಬರ್‌ನಲ್ಲಿ ಏಳು, ಡಿಸೆಂಬರ್‌ನಲ್ಲಿ ಹತ್ತು ದಿನಕ್ಕೊಮ್ಮೆ ಆಗುತ್ತದೆ. ಭಾನುವಾರ ರಜೆ, ಸೋಮವಾರ ಮಾಡೋಣ ಎನ್ನುವುದು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಜೂನ್‌ನಲ್ಲಿ ನಡೆಯುವುದಿಲ್ಲ.

ಒಂದು ತಟ್ಟೆ, ಹತ್ತು ದಿನ

ತಾಪಮಾನ ದಿನ ಹೇಳುತ್ತದೆ. ಅಷ್ಟು ದಿನ ನೀರು ನಿಲ್ಲುತ್ತದೆಯೇ ಎನ್ನುವುದನ್ನು ಮಳೆ ಮತ್ತು ಆವಿ ಹೇಳಬೇಕು. ಟೆರೇಸಿನಲ್ಲಿ ಬಿಟ್ಟ ಕುಂಡದ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳಿ. ಆಳ 40 ಮಿ.ಮೀ., ಅಂಚು ನೇರ. ಸೆಪ್ಟೆಂಬರ್‌ನ ಹತ್ತು ದಿನಗಳ ಮಳೆ ಹೀಗಿದೆ ಎಂದಿಟ್ಟುಕೊಳ್ಳಿ: ಮೊದಲ ದಿನ 22 ಮಿ.ಮೀ., ಎರಡನೇ ದಿನ 6, ಐದನೇ ದಿನ 3, ಎಂಟನೇ ದಿನ 1, ಉಳಿದ ದಿನ ಏನೂ ಇಲ್ಲ. ಒಟ್ಟು 32 ಮಿ.ಮೀ., ಯಾರೂ ಮಳೆಗಾಲ ಜೋರಾಗಿದೆ ಎನ್ನದ ಹತ್ತು ದಿನ.

ಬಿಸಿಲು ಬೀಳುವ ಜಾಗದಲ್ಲಿ ದಿನಕ್ಕೆ 4 ಮಿ.ಮೀ. ಆವಿಯಾದರೆ ದಿನದ ಕೊನೆಗೆ ಉಳಿಯುವ ನೀರು: 18, 20, 16, 12, 11, 7, 3, ಎಂಟನೇ ದಿನ ಸೊನ್ನೆ. ಸೊಳ್ಳೆಗೆ ಹತ್ತು ದಿನ ಬೇಕಿತ್ತು. ಮರಿಗಳು ತಟ್ಟೆಯಲ್ಲೇ ಒಣಗಿಹೋದವು.

ಅದೇ ತಟ್ಟೆಯನ್ನು ಮೂರು ಹೆಜ್ಜೆ ಆಚೆ, ನೀರಿನ ಟ್ಯಾಂಕಿನ ಹಿಂದೆ, ಮಳೆ ಬೀಳುವ ಆದರೆ ಬಿಸಿಲು ತಾಗದ ಮೂಲೆಗೆ ಸರಿಸಿ. ಆವಿ ದಿನಕ್ಕೆ 2 ಮಿ.ಮೀ. ಈಗ ಉಳಿಯುವುದು: 20, 24, 22, 20, 21, 19, 17, 16, 14, 12. ಹತ್ತನೇ ದಿನವೂ ನೀರು ಬೆರಳಿನ ಅಗಲದಷ್ಟಿದೆ, ಮರಿಗೂ ಸೊಳ್ಳೆಗೂ ನಡುವಿನ ಹಂತವಾದ, ಅಲ್ಪವಿರಾಮದ ಆಕಾರದ ಪ್ಯೂಪಾಗಳು ಒಡೆದು ಸೊಳ್ಳೆ ಎದ್ದಿದೆ. ಒಂದೇ ಟೆರೇಸ್, ಒಂದೇ ಮಳೆ, ಒಂದೇ ಮುನ್ಸೂಚನೆ. ಒಂದು ತಟ್ಟೆ ಖಾಲಿ, ಇನ್ನೊಂದು ತುಂಬ ಸೊಳ್ಳೆ.

ಆಳವೂ ಇದೇ ಕೆಲಸ ಮಾಡುತ್ತದೆ. 15 ಮಿ.ಮೀ. ಆಳದ ಬಣ್ಣದ ಡಬ್ಬಿಯ ಮುಚ್ಚಳ ಇದೇ ಮಳೆಗೆ ಬಿಸಿಲಿನಲ್ಲಿ ಆರನೇ ದಿನ ಒಣಗುತ್ತದೆ. 20 ಲೀಟರಿನ ಬಣ್ಣದ ಡಬ್ಬಿಯಲ್ಲಿ ಈ 32 ಮಿ.ಮೀ. ತಳದಲ್ಲೇ ಉಳಿಯುತ್ತದೆ, ಆದರೆ ಆಳದ ಗೋಡೆಗಳ ನೆರಳಿನಿಂದಾಗಿ ಆರುವುದು ನಿಧಾನ. ಒಂದೇ ದಿನ 180 ಮಿ.ಮೀ. ಸುರಿದರೆ 40 ಮಿ.ಮೀ. ತಟ್ಟೆಗೆ ದಕ್ಕುವುದು 40 ಮಾತ್ರ, ಉಳಿದದ್ದು ಮರಿಗಳನ್ನೂ ಎತ್ತಿಕೊಂಡು ಹರಿದುಹೋಗುತ್ತದೆ. ಆದರೆ ಈಡಿಸ್ ಮರಿಗಳು ಅಲುಗಾಟಕ್ಕೆ ಕೆಳಕ್ಕೆ ಮುಳುಗುತ್ತವೆ, ಎಲ್ಲವೂ ಕೊಚ್ಚಿಹೋಗುವುದಿಲ್ಲ. ಗೋಡೆಗೆ ಅಂಟಿದ ಮೊಟ್ಟೆಗಳಂತೂ ಮಳೆಗೆ ಕದಲುವುದಿಲ್ಲ. ಜಡಿಮಳೆಯ ವಾರದ ನಂತರದ ಬಿಡುವಿನಲ್ಲಿ ಎಣಿಕೆಯನ್ನು ಒಂದರಿಂದ ಮತ್ತೆ ಶುರುಮಾಡಬೇಕು.

ಹೀಗಾಗಿ ನಾಲ್ಕು ವಾರದ ಮುನ್ಸೂಚನೆಯನ್ನು ಓದುವಾಗ ಒಟ್ಟು ಮಿಲಿಮೀಟರಿಗಿಂತ ಎಷ್ಟು ದಿನ ಮಳೆ, ನಡುವೆ ಎಷ್ಟು ದಿನ ಬಿಡುವು ಎಂದು ನೋಡಬೇಕು. ವಾರದ ಸರಾಸರಿ ಈ ಬಿಡುವನ್ನೇ ಮುಚ್ಚಿಹಾಕುತ್ತದೆ.

ಸ್ಲ್ಯಾಬಿನ ಮೇಲಿನ ಕೆರೆ

ಪಕ್ಕದ ಟವರಿನಲ್ಲಿ ಸ್ಲ್ಯಾಬ್ ಹಾಕಿದ ಮರುದಿನ ಸಿಮೆಂಟ್ ಗಾರೆಯ ಪುಟ್ಟ ಬದು ಕಟ್ಟಿ, ಚೌಕ ಚೌಕವಾಗಿ ನೀರು ನಿಲ್ಲಿಸುತ್ತಾರೆ. ಕಾಂಕ್ರೀಟ್ ಗಟ್ಟಿಯಾಗಲು ಈ ಕ್ಯೂರಿಂಗ್ ಬೇಕೇಬೇಕು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ. ಜೂನ್‌ನಲ್ಲಿ ಸೊಳ್ಳೆಗೆ ಬೇಕಾದದ್ದು ಎಂಟೂವರೆ ದಿನ. ಕಾಂಕ್ರೀಟಿನ ವೇಳಾಪಟ್ಟಿ ಮತ್ತು ಸೊಳ್ಳೆಯ ವೇಳಾಪಟ್ಟಿ ಒಂದರ ಮೇಲೊಂದು ಸರಿಯಾಗಿ ಕೂತಿವೆ. ಇಲ್ಲಿ ಈಡಿಸ್ ಜೊತೆಗೆ ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಯೂ ಬೆಳೆಯುತ್ತದೆ.

ಈ ನೀರಿಗೂ ಮಳೆಗೂ ಸಂಬಂಧವಿಲ್ಲ. ಮಳೆಮಾಪಕ ಸೊನ್ನೆ ತೋರಿಸುವ ಏಪ್ರಿಲ್‌ನಲ್ಲೂ ಈ ಕೆರೆ ತುಂಬಿರುತ್ತದೆ. ಇಲ್ಲಿ ಎಣಿಕೆ ಶುರುವಾಗುವುದು ನೀರು ನಿಲ್ಲಿಸಿದ ದಿನದಿಂದ, ಆದ್ದರಿಂದ ಸೈಟ್ ಸೂಪರ್‌ವೈಸರ್ ಹತ್ತಿರ ಸ್ಲ್ಯಾಬ್ ಹಾಕುವ ತಾರೀಖು ಕೇಳಿಟ್ಟುಕೊಳ್ಳಬೇಕು. ಪರಿಹಾರವೂ ಕಷ್ಟದ್ದಲ್ಲ. ಐದನೇ ದಿನ ಬದು ಒಡೆದು, ಪೊರಕೆಯಿಂದ ನೀರನ್ನು ಪೂರ್ತಿ ಗುಡಿಸಿ ಇಳಿಸಿ, ಅದೇ ಗಂಟೆಯಲ್ಲಿ ಮತ್ತೆ ಕಟ್ಟಿ ಹೊಸ ನೀರು ತುಂಬಿಸಿದರೆ ಕಾಂಕ್ರೀಟಿಗೆ ಏನೂ ಆಗುವುದಿಲ್ಲ, ಮರಿಗಳು ಮಾತ್ರ ಹೋಗುತ್ತವೆ. ಗುಡಿಸಿದ ನೀರು ಲಿಫ್ಟ್ ಗುಂಡಿಗೆ ಇಳಿಯದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮರಿಗಳಿಗೆ ಮನೆ ಬದಲಾಯಿಸಿಕೊಟ್ಟಂತೆ. ನೀರು ನಿಲ್ಲಿಸುವ ಬದಲು ಗೋಣಿಚೀಲ ಹಾಸಿ ತೇವ ಇಟ್ಟರೆ ಈ ತಾಪತ್ರಯವೇ ಇಲ್ಲ, ಆದರೆ ಮೇ ಬಿಸಿಲಿಗೆ ದಿನಕ್ಕೆ ಹಲವು ಸಲ ನೀರು ಹಾಕುವ ಆಳು ಬೇಕು. ಆಳು ಇಲ್ಲದೆ ಗೋಣಿ ಒಣಗಿದರೆ ಸ್ಲ್ಯಾಬ್ ಬಿರುಕು ಬಿಡುತ್ತದೆ.

ಡ್ರಮ್ಮು, ಮತ್ತು ಯಾವ ಭಾಷೆಯಲ್ಲಿ ಹೇಳುವುದು

ಶೆಡ್ಡಿನ ಮುಂದೆ 200 ಲೀಟರಿನ ನೀಲಿ ಡ್ರಮ್ಮುಗಳು. ಅವನ್ನು ಖಾಲಿ ಮಾಡಿ ಎಂದರೆ ಸಿಗುವ ಉತ್ತರ: ‘ನೀರ ಯಾವಾಗ ಬರ್ತಾವೋ ಗೊತ್ತಿಲ್ರೀ, ಚೆಲ್ಲಿ ಏನ್ ಕುಡೀಬೇಕ್ರಿ?’ ಅದು ನ್ಯಾಯವಾದ ಮಾತು. ಡ್ರಮ್ಮಿನ ಎಣಿಕೆ ನಡೆಯುವುದು ನಲ್ಲಿಯ ವೇಳಾಪಟ್ಟಿಯ ಮೇಲೆ. ಪುಣೆಯಲ್ಲಿ ದುರಸ್ತಿಗೆಂದು ಗುರುವಾರ ನೀರು ನಿಲ್ಲಿಸುವ ವಾಡಿಕೆ ಇದೆ, ಹಾಗಾಗಿ ಜನ ಬುಧವಾರವೇ ತುಂಬಿಸಿಟ್ಟುಕೊಳ್ಳುತ್ತಾರೆ. ಕೋರಡಾ ದಿವಸ ಗುರುವಾರ ಇಟ್ಟರೆ ಯಾರೂ ಮಾಡುವುದಿಲ್ಲ. ಬುಧವಾರ ಬೆಳಗ್ಗೆ, ತುಂಬಿಸುವ ಮುಂಚೆ ಇಟ್ಟರೆ ಒಂದು ಕೊಡ ನೀರೂ ವ್ಯರ್ಥವಾಗದೆ ಕೆಲಸ ಆಗುತ್ತದೆ. ಹವಾಮಾನದ ಹಾಳೆಯಲ್ಲಿ ನೀರು ಬಿಡುವ ದಿನಕ್ಕೆ ಒಂದು ಕಾಲಂ ಇರಲೇಬೇಕು ಎನ್ನುವುದು ಇದಕ್ಕೇ.

ಖಾಲಿ ಮಾಡಿದರಷ್ಟೇ ಸಾಲದು. ಮೊಟ್ಟೆ ಇರುವುದು ಗೋಡೆಯ ಮೇಲೆ, ತೊಳೆಯದೆ ಮತ್ತೆ ತುಂಬಿಸಿದರೆ ಅದೇ ದಿನ ಹೊಸ ಮರಿ. ಗೋಡೆಯನ್ನು ಉಜ್ಜಬೇಕು. ಬಾಯಿಗೆ ಕಟ್ಟಿದ ಬಟ್ಟೆ ಬಿಗಿಯಾಗಿರಬೇಕು. ಜೋತುಬಿದ್ದು ನೀರಿಗೆ ತಾಗಿದರೆ ಸೊಳ್ಳೆ ಆ ಒದ್ದೆ ಬಟ್ಟೆಯ ಮೇಲೆಯೇ ಮೊಟ್ಟೆಯಿಡಬಲ್ಲದು.

ಈ ಸೂಚನೆಗಳು ಸೈಟಿನ ಗೇಟಿಗೆ ಮರಾಠಿ, ಹಿಂದಿಯಲ್ಲಿ ಅಂಟಿಸಿರುತ್ತವೆ. ಶೆಡ್ಡಿನಲ್ಲಿ ನಡೆಯುವ ಮಾತು ಕನ್ನಡ. ಓದಲು ಬಾರದವರೂ ಇರುವುದರಿಂದ ವಾಚ್‌ಮನ್ ಅಥವಾ ಸೊಸೈಟಿಯ ಕನ್ನಡದ ಹೆಣ್ಣುಮಕ್ಕಳು ಮಂಗಳವಾರ ಸಂಜೆ ಹೋಗಿ ಹೇಳಿಬರುವುದು ಎಷ್ಟೋ ಮೇಲು. ಹೇಳಬೇಕಾದದ್ದು ಇಷ್ಟೇ:

‘ಅಕ್ಕಾರ, ಅಣ್ಣಾರ, ನಾಳೆ ಬುಧವಾರ ಮುಂಜಾನಿ ಡ್ರಮ್ ಪೂರಾ ಖಾಲಿ ಮಾಡ್ರಿ. ಒಳಗಿನ ಗೋಡಿ ತೆಂಗಿನ ನಾರ ತಗೊಂಡ ತಿಕ್ರಿ, ನೀರಿನ ಗೆರಿ ಇದ್ದಲ್ಲಿ ಜಾಸ್ತಿ ತಿಕ್ರಿ. ತಿಕ್ಕಿದ ನೀರ ಒಣಾ ಮಣ್ಣಿಗೆ ಚೆಲ್ರಿ. ನೀರ ಬಂದ ಮ್ಯಾಲ ತುಂಬಿ, ಬಾಯಿಗೆ ಅರಿವಿ ಬಿಗಿಯಾಗಿ ಕಟ್ರಿ.’

ಲೆಕ್ಕ ತಪ್ಪುವ ಜಾಗಗಳು

ಹಾಳೆ ಸರಿಯಿದ್ದೂ ಸೊಳ್ಳೆ ಬರುತ್ತಿದ್ದರೆ ಟಾರ್ಚ್ ಮತ್ತು ಬಿಳಿ ಮಗ್ ಹಿಡಿದು ನೆಲಮಾಳಿಗೆಗೆ ಇಳಿಯಬೇಕು. ಲಿಫ್ಟ್ ಗುಂಡಿಯಲ್ಲಿ ಒಸರುವ ಅಂತರ್ಜಲ ಮಳೆ ನಿಂತು ವಾರಗಳಾದರೂ ಇಳಿಯುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ನೀರು ಹೊರಗಿನ ಗಾಳಿಗಿಂತ ಬೆಚ್ಚಗಿರುವುದರಿಂದ ಡಿಸೆಂಬರ್‌ನ 15 ದಿನದ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ. ಫ್ರಿಜ್ಜಿನ ಹಿಂದಿನ ತಟ್ಟೆ, ಮೇ ಮುಗಿದ ಮೇಲೆ ಮೂಲೆಗೆ ಸೇರಿದ ಕೂಲರ್, ಎಸಿಯ ಹನಿ ಬೀಳುವ ಡಬ್ಬಿ ಇವಾವುದೂ ಮಳೆಮಾಪಕಕ್ಕೆ ಕಾಣುವುದಿಲ್ಲ. ನೋಡುವಾಗ ನೆರಳು ನೀರಿನ ಮೇಲೆ ಬೀಳದಂತೆ ನಿಲ್ಲಿ. ನೆರಳು ಕಂಡೊಡನೆ ಮರಿಗಳು ತಳಕ್ಕಿಳಿಯುತ್ತವೆ, ಒಂದೆರಡು ನಿಮಿಷ ಕಾದರೆ ಉಸಿರಾಡಲು ಮೇಲೆ ಬರುತ್ತವೆ.

ಚಳಿಗಾಲದ ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವ ಸೊಳ್ಳೆ ಬಹುತೇಕ ಕ್ಯೂಲೆಕ್ಸ್. ಅದು ಕೊಳಚೆ ನೀರಿನದ್ದು. ಮುಠಾ ನದಿಯ ಹರಿವು ನಿಂತು ಜಲಪರ್ಣಿ ಎಂಬ ತೇಲುವ ಕಳೆ ಹಬ್ಬಿದಾಗ ಹೆಚ್ಚುತ್ತದೆ. ಈ ಹಾಳೆಯಿಂದ ಅದನ್ನು ಅಳೆಯಲು ಹೋಗಬೇಡಿ.

ಊಹೆ ಸರಿಯಾಯಿತೇ ಎಂದು ತಿಳಿಯಲು ಜ್ವರಕ್ಕೆ ಕಾಯುವುದೂ ಬೇಡ. ಒಂದು ಲೀಟರಿನ ಕಪ್ಪು ಡಬ್ಬಿಗೆ ಅರ್ಧ ನೀರು ಹಾಕಿ, ಒರಟು ಹಾರ್ಡ್‌ಬೋರ್ಡ್ ಪಟ್ಟಿ ಇಳಿಬಿಟ್ಟು, ವಿಂಗಿಗೆ ಎರಡರಂತೆ ನೆರಳಿನಲ್ಲಿಡಿ. ಐದನೇ ದಿನ ಪಟ್ಟಿ ತೆಗೆದು ಭೂತಗನ್ನಡಿಯಲ್ಲಿ ಕಪ್ಪು ಕಾಳುಗಳನ್ನು ಎಣಿಸಿ, ಡಬ್ಬಿ ಬರಿದು ಮಾಡಿ ತಿಕ್ಕಿ ಹೊಸ ನೀರು ಹಾಕಿ. ಐದು ದಿನಕ್ಕಿಂತ ಹೆಚ್ಚು ಬಿಟ್ಟರೆ ಈ ಡಬ್ಬಿಯೇ ಸೊಳ್ಳೆ ಸಾಕುತ್ತದೆ. ಈಡಿಸ್ ಸಾಮಾನ್ಯವಾಗಿ ಒಂದಿನ್ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ಯಾವ ವಿಂಗಿನ ಪಟ್ಟಿಯಲ್ಲಿ ಕಾಳು ಹೆಚ್ಚೋ, ಅದರ ಸುತ್ತಲೇ ಎಲ್ಲೋ ಒಂದು ಪಾತ್ರೆ ತಪ್ಪಿಹೋಗಿದೆ.

ವರ್ಷದ ಹಾಳೆ ಶುರುವಾಗಬೇಕಾದದ್ದು ಮೇ ಮೊದಲ ವಾರದಲ್ಲಿ, ಮೊದಲ ಗುಡುಗು ಮಳೆಗೂ ಮುಂಚೆ. ನವೆಂಬರ್‌ನಲ್ಲಿ ಒಣಗಿದ ತಟ್ಟೆ, ಡಬ್ಬಿ, ಟೈರುಗಳ ಗೋಡೆಯ ಮೇಲೆ ಹೋದ ವರ್ಷದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಟೆರೇಸಿನ ಸಾಮಾನುಗಳನ್ನು ಆ ವಾರ ಒಂದೊಂದಾಗಿ ಕೆಳಗಿಳಿಸಿ, ಬೇಡದ್ದನ್ನು ಗುಜರಿಗೆ ಹಾಕಿ, ಬೇಕಾದದ್ದನ್ನು ಗಟ್ಟಿ ಬ್ರಶ್ಶಿನಿಂದ ಉಜ್ಜಿ ಮಗುಚಿ ಇಡಿ. ಆಮೇಲೆ ಮಾಪಕದ ಬಾಟಲಿ ತೊಳೆದು ಟೆರೇಸಿಗೆ ಒಯ್ಯಿರಿ.